ಕನಸಿನೊಳಗೆ ಕೈ ನೋಡಿಕೊಳ್ಳುವುದು

ಮೊನ್ನೆ ಮಗ ತುಮಕೂರು ರಸ್ತೆಯ ಗಾಣದೆಣ್ಣೆ ಅಂಗಡಿಯಿಂದ ಒಂದು ಬಾಟಲಿ ಹರಳೆಣ್ಣೆ ತಂದುಕೊಟ್ಟ. ನನ್ನ ಮಂಡಿ ನೋವಿಗೆ. “ಬಿಸಿ ಮಾಡಿ ಹಚ್ಕೋಮ್ಮ, ಸುಮ್ನೆ ಇಡಬೇಡ” ಅಂದು ಕೆಲಸಕ್ಕೆ ಹೋದ. ಮುಚ್ಚಳ ತೆಗೆದು ಅಂಗೈಗೆ ಸ್ವಲ್ಪ ಬಿಟ್ಟುಕೊಂಡೆ. ಈಗಿನ ಹರಳೆಣ್ಣೆಗೆ ವಾಸನೆಯೇ ಇರುವುದಿಲ್ಲ, ಸೋಸಿ ಸೋಸಿ ನೀರು ಮಾಡಿರುತ್ತಾರೆ. ಇದು ಹಾಗಿರಲಿಲ್ಲ. ಹುರಿದ ಬೀಜದ ಕಮಟು, ಅದರ ಹಿಂದೆ ಹೊಲದ ಮಣ್ಣಿನಂಥದೇನೋ... ಎರಡೂ ಅಂಗೈ ಉಜ್ಜಿ ಮೂಗಿನ ಹತ್ತಿರ ತಂದವಳು ಹಾಗೇ ಕೂತುಬಿಟ್ಟೆ. ಮಂಡಿಗೆ ಹಚ್ಚುವುದು ಮರೆತೇ ಹೋಯಿತು. ಕೈಯನ್ನೇ ನೋಡುತ್ತಿದ್ದೆ. ಬೆರಳುಗಳು, ಉಂಗುರದ ಅಚ್ಚು, ಈಳಿಗೆ ಮಣೆ ತಾಗಿದ ಹಳೆಯ ಗೆರೆ. ಎಲ್ಲ ಇದ್ದಲ್ಲೇ ಇತ್ತು. ಅಂದರೆ ಎಚ್ಚರವಾಗಿದ್ದೇನೆ ಅಂತ ಲೆಕ್ಕ.

ಈ ಲೆಕ್ಕ ನನಗೆ ಕಲಿಸಿದವರು ನಮ್ಮ ಓನರಮ್ಮ.

ಮದುವೆಯಾಗಿ ನಾನು ಬಂದದ್ದು ಲಗ್ಗೆರೆಗೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರು ಇನ್ನೂ ಅರ್ಧ ಹಳ್ಳಿ. ಈ ಕಡೆ ರಾಗಿ ಹೊಲ, ಆ ಕಡೆ ಪೀಣ್ಯದ ಶೆಡ್ಡುಗಳ ತಗಡಿನ ಬೆನ್ನು. ನಮ್ಮ ಯಜಮಾನರು ಅಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಓನರಮ್ಮನ ವಠಾರದಲ್ಲಿ ನಮಗೊಂದು ರೂಮು, ಅದಕ್ಕಂಟಿದ ಅಡುಗೆಮನೆ. ಬಾಡಿಗೆಯವರೆಲ್ಲ ಫ್ಯಾಕ್ಟರಿ ಜನ. ಪಾಳಿ ವಾರವಾರ ಬದಲಾಗುತ್ತಿದ್ದದ್ದರಿಂದ ಹಗಲಿನ ಯಾವ ಹೊತ್ತಿಗೆ ನೋಡಿದರೂ ಒಂದಲ್ಲ ಒಂದು ಮನೆಯಲ್ಲಿ ಯಾರೋ ಮಲಗಿರುತ್ತಿದ್ದರು.

ಅದಕ್ಕೆ ಓನರಮ್ಮ ಒಂದು ಕಟ್ಟಳೆ ಮಾಡಿದ್ದರು. ಒಳಗೆ ಮಲಗಿದ್ದರೆ ಹೊಸಿಲ ಮುಂದೆ ಒಂದು ಬಿಂದಿಗೆ ಬೋರಲು ಹಾಕಿಡಬೇಕು. ಬೋರಲು ಬಿಂದಿಗೆ ಕಂಡ ಬಾಗಿಲನ್ನು ಯಾರೂ ತಟ್ಟುವಂತಿಲ್ಲ, ಪೋಸ್ಟಿನವನಿಗೂ ಗೊತ್ತಿತ್ತು. ತರಕಾರಿಯವನಿಗೆ ಮಾತ್ರ ಅದು ಅಭ್ಯಾಸವಾಗಲೇ ಇಲ್ಲ.

“ಮೆಲ್ಲುಕೆ ಕೂಗಯ್ಯ, ನಿನ್ ಬದ್ನೆಕಾಯೇನು ಓಡೋಗಾಕಿಲ್ಲ. ಒಳಗೆ ಜನ ಮನಗವ್ರೆ.”

“ಮೆಲ್ಲಗೆ ಕೂಗಿದ್ರೆ ಯಾರಿಗ್ ಕೇಳ್ಸುತ್ತೆ ಅಮ್ಮಾ?”

“ಕೊಳ್ಳೋರ್ಗೆ ಕೇಳ್ಸ್ತದೆ ಬುಡು.”

ಯಜಮಾನರು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದರೆ ಆ ಒಂದು ರೂಮಿನಲ್ಲಿ ನಾನು ಪಾತ್ರೆ ಸದ್ದು ಮಾಡುವ ಹಾಗಿಲ್ಲ, ಹಿಟ್ಟು ರುಬ್ಬುವ ಹಾಗಿಲ್ಲ. ಬಿಂದಿಗೆ ಬೋರಲು ಹಾಕಿ, ಅಕ್ಕಿಯ ಮೊರ ಹಿಡಿದು ಓನರಮ್ಮನ ಜಗಲಿಗೆ ಬಂದು ಕೂರುತ್ತಿದ್ದೆ. ಕಲ್ಲು ಆರಿಸಿ ಮುಗಿದ ಮೇಲೆ ಅಲ್ಲೇ ಕಂಬದ ಮಗ್ಗುಲಲ್ಲಿ ಒರಗಿ ಒಂದು ಜೊಂಪು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಅವರಿಗೆ ಆಗ ಅರವತ್ತರ ಆಚೀಚೆ. ಗಟ್ಟಿ ಆಳು. ಕಾಲಿಗೆ ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಲಿಲ್ಲ. ಎಲ್ಲರೂ ಅವರನ್ನು ಎದುರಿಗೆ ‘ಅಮ್ಮಾ’ ಅನ್ನೋರು. ನನಗೆ ಮಾತ್ರ ಆ ಪದ ಬಾಯಿಂದ ಹೊರಡುತ್ತಿರಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ. ‘ನೋಡಿ’, ‘ಕೇಳಿದ್ರಾ’ ಅಂತಲೇ ಕಾಲ ತಳ್ಳಿದೆ. ಅವರೇನೂ ಅಂದುಕೊಳ್ಳಲಿಲ್ಲ.

ವಠಾರದ ಗಡಿಯಾರವೆಂದರೆ ಹಿಂದುಗಡೆಯ ದೊಡ್ಡ ಫ್ಯಾಕ್ಟರಿಯ ಸೈರನ್ನು. ಅದು ಕೂಗಿದರೆ ಅಕ್ಕಿ ತೊಳೆಯುವುದು, ಕೂಗಿದರೆ ಮಕ್ಕಳನ್ನು ಒಳಗೆ ಕರೆಯುವುದು. ಓನರಮ್ಮ ಅದಕ್ಕೆ ಸೈರನ್ನು ಅನ್ನುತ್ತಿರಲಿಲ್ಲ. “ನಮ್ಮೊಲ ಕೂಗ್ತು” ಅನ್ನೋರು. ಮೊದಲು ನನಗೆ ಇದು ತಮಾಷೆಯ ಮಾತೆನಿಸಿತ್ತು. ಆ ಫ್ಯಾಕ್ಟರಿ ನಿಂತಿರುವುದೇ ಅವರ ಹೊಲದ ಮೇಲೆ ಎಂದು ಆಮೇಲೆ ತಿಳಿಯಿತು. ಜಮೀನು ಹೋಗಿ ಬಂದ ದುಡ್ಡಿನಲ್ಲೇ ಈ ವಠಾರ ಎದ್ದದ್ದು. ಇನ್ನೊಂದು ಸಂಗತಿಯೂ ತಿಳಿಯಿತು. ಅಲ್ಲಿಯ ಒಕ್ಕಲು ಮನೆಗಳಲ್ಲಿ ಸತ್ತವರನ್ನು ತಮ್ಮ ಹೊಲದ ಮೂಲೆಯಲ್ಲೇ ಮಣ್ಣು ಮಾಡುವುದು ರೂಢಿ. ಅವರ ಅತ್ತೆ, ಮಾವ, ಗಂಡ, ಮೂವರ ಸಮಾಧಿಯ ಗುಡ್ಡೆಗಳೂ ಆ ಹೊಲದಲ್ಲಿದ್ದವು. ಪಿತೃಪಕ್ಷ ಬಂದರೆ ಗುಡ್ಡೆಯ ಮುಂದೆ ಎಡೆ ಇಡಬೇಕು: ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಬಡಿಸಿ ಬರಬೇಕು. ಕಾಂಪೌಂಡು ಎದ್ದ ಮೇಲೆ ಅದು ನಿಂತುಹೋಯಿತು. ಅವರ ಮಗ ಮನೆಯಲ್ಲೇ ಅಪ್ಪನ ಫೋಟೋ ಮುಂದೆ ಎಡೆ ಇಡುತ್ತಿದ್ದ. ಓನರಮ್ಮ ಅಡುಗೆ ಮಾಡಿಕೊಡುತ್ತಿದ್ದರೇ ವಿನಾ ಕೈ ಮುಗಿಯುವಾಗ ಹತ್ತಿರ ಹೋಗುತ್ತಿರಲಿಲ್ಲವಂತೆ. “ಅವ್ರು ಫಟದಾಗೆ ಎಲ್ಲವ್ರೆ? ಅಲ್ಲವ್ರೆ” ಅಂತ ಫ್ಯಾಕ್ಟರಿ ಗೋಡೆ ಕಡೆ ಕೈ ತೋರಿಸೋರು.

ಆ ಗೋಡೆಯ ಹೊರಮಗ್ಗುಲಲ್ಲಿ ಸಾಲಾಗಿ ಹರಳು ಗಿಡ ಇದ್ದವು. ಹೊಲದ ಬದುವಿನಲ್ಲಿ ಎಂದೋ ಹಾಕಿದ್ದು, ಗೋಡೆ ಕಟ್ಟುವವರ ಲೆಕ್ಕಕ್ಕೆ ಸಿಗದೆ ಉಳಿದದ್ದು. ಅದರ ಕಾಯಿ ಕಿತ್ತು ತಂದು, ಒಣಗಿಸಿ, ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ ಮೇಲೆ ತೇಲಿದ ಎಣ್ಣೆಯನ್ನು ಅವರು ಸೌಟಿನಲ್ಲಿ ತೆಗೆಯೋರು. ಆ ದಿನ ವಠಾರವೆಲ್ಲ ಅದೇ ವಾಸನೆ. ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡು ಓಡಾಡೋಳು.

ಇನ್ನು ನನ್ನ ವಿಷಯ, ‘ಅಮ್ಮಾ’ ಅನ್ನಲಾಗದ ಕಾರಣ. ಮದುವೆಯಾದ ವರ್ಷವೇ ನನ್ನ ಅಮ್ಮ ತೀರಿಕೊಂಡಳು. ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದೆ. ಹೊರಡುವ ದಿನ ಅವಳು ಹಿತ್ತಿಲ ಬಾಗಿಲಲ್ಲಿ ಬೀದಿಗೆ ಬೆನ್ನು ಹಾಕಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಬಸ್ಸಿನ ಹೊತ್ತಾಗಿತ್ತು. “ಹೋಗ್ಬರ್ತೀನಮ್ಮ” ಅಂದೆ. “ಹೂಂ, ಹುಷಾರು” ಅಂದಳು. ಮಡಿಲ ತುಂಬ ಸೊಪ್ಪು, ತಿರುಗಲಾಗಲಿಲ್ಲ. ಆಮೇಲೆ ಬಂದದ್ದು ಟೆಲಿಗ್ರಾಮು. ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಸೆರಗು ಹೊದ್ದು ತಲೆ ತಗ್ಗಿಸಿ ನಿಂತಿದ್ದಾಳೆ. ಕೆಲವೇ ತಿಂಗಳಲ್ಲಿ ನನಗೆ ಅವಳ ಮುಖ ಮಸುಕಾಗತೊಡಗಿತು. ಮೂಗುಬೊಟ್ಟು ಜ್ಞಾಪಕ ಬರುತ್ತಿತ್ತು, ಮೂಗು ಬರುತ್ತಿರಲಿಲ್ಲ. ಯಾರ ಹತ್ತಿರ ಹೇಳುವುದು ಇಂಥದನ್ನು...

ಆದರೆ ಕನಸಿಗೆ ಬರುತ್ತಿದ್ದಳು. ಅದೇ ಹಿತ್ತಿಲ ಬಾಗಿಲು, ಅದೇ ಬೆನ್ನು. ನೋಡುತ್ತಾ ನೋಡುತ್ತಾ ನನಗೆ ಒಳಗೇ ಹೊಳೆಯುತ್ತಿತ್ತು: ಅಮ್ಮ ಸತ್ತಿದ್ದಾಳೆ, ಇದು ಕನಸು. ಹೊಳೆದದ್ದೇ ತಡ, ಮುಖ ನೋಡಿಬಿಡೋಣ ಎಂದು ಓಡುತ್ತಿದ್ದೆ. ಓಡಿದ್ದೇ ತಡ, ಎಚ್ಚರ.

ಒಂದು ಮಧ್ಯಾಹ್ನ ಅವರ ಜಗಲಿಯಲ್ಲೇ ಹೀಗೆ ಅಳುತ್ತಾ ಎದ್ದೆ. ಓನರಮ್ಮ ಹರಳಿನ ಸಿಪ್ಪೆ ಬಿಡಿಸುತ್ತಿದ್ದರು.

“ಯಾಕವ್ವ, ಅಗಲೊತ್ನಾಗೆ ಅಳ್ತಾ ಎದ್ದೆ?”

ಹೇಳಿದೆ. ಅಲ್ಲಿಯವರೆಗೆ ಯಜಮಾನರಿಗೂ ಹೇಳಿರಲಿಲ್ಲ. ಅವರು ಸಿಪ್ಪೆ ಬಿಡಿಸುವುದನ್ನು ನಿಲ್ಲಿಸದೆ ಕೇಳಿದರು.

“ಒಳಗಿದ್ದಂಗೇ ಗೊತ್ತಾಯ್ತದಾ, ಇದು ಕನಸು ಅಂತ?”

“ಹೂಂ. ಗೊತ್ತಾದ ತಕ್ಷಣ ಒಡೆದುಹೋಗುತ್ತೆ.”

“ಅಂಗಾರೆ ಅರ್ಧ ಕೆಲ್ಸ ಆಗೈತೆ. ಇನ್ನರ್ಧ ನಿಲ್ಲಾದು.”

ಆಗಲೇ ಅವರು ತಮ್ಮದನ್ನು ಹೇಳಿದ್ದು. ಅವರೂ ಹೋಗುತ್ತಿದ್ದರು. ಹೊಲಕ್ಕೆ. ಕನಸಿನಲ್ಲಿ ಇನ್ನೂ ಗೋಡೆ ಎದ್ದಿರಲಿಲ್ಲ. ಮೊದಮೊದಲು ಬೇಲಿಯವರೆಗೆ ಹೋಗುವಷ್ಟರಲ್ಲಿ ಎಚ್ಚರವಾಗುತ್ತಿತ್ತಂತೆ. ಆಮೇಲಾಮೇಲೆ ಬೇಲಿ ದಾಟಿದರು, ಬಾವಿ ದಾಟಿದರು, ಕೊನೆಗೆ ಗುಡ್ಡೆಯವರೆಗೆ. ಪಿತೃಪಕ್ಷದಲ್ಲಿ ಎಡೆಯನ್ನೂ ಅಲ್ಲೇ ಇಡುತ್ತಿದ್ದರು. ಮುದ್ದೆ, ಸೊಪ್ಪಿನ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ.

“ಕನಸಲ್ಲಿ ಇಟ್ರೆ ಅವ್ರಿಗೆ ಮುಟ್ಟುತ್ತಾ?” ಅಂತ ಕೇಳಿದೆ. ಇಪ್ಪತ್ತರ ವಯಸ್ಸು, ಕೇಳಬಾರದೆಂದು ತಿಳಿಯಲಿಲ್ಲ.

“ಅವ್ರಿಗೆ ಮುಟ್ಟುತ್ತೋ ಇಲ್ವೋ, ನಾ ಕಾಣೆ. ನಂಗೆ ಮುಟ್ಟುತ್ತೆ” ಅಂದರು.

ಅವರು ಪಾಠ ಅಂತ ಕೂರಿಸಿ ಏನೂ ಹೇಳಲಿಲ್ಲ. ಅಕ್ಕಿ ಆರಿಸುವಾಗ ಒಂದು ಮಾತು, ನೀರು ಹೊರುವಾಗ ಒಂದು ಮಾತು. ಮೊದಲನೆಯದು, ಎದ್ದ ತಕ್ಷಣ ಅಲ್ಲಾಡಬಾರದು. ಕಣ್ಣು ಬಿಡದೆ, ಮಗ್ಗುಲೂ ಬದಲಿಸದೆ, ಕನಸಿನ ಬಾಲ ಹಿಡಿದು ಹಿಂದಕ್ಕೆ ಹೋಗಬೇಕು. ಆಮೇಲೆ ಯಾರಿಗಾದರೂ ಬಾಯಿಬಿಟ್ಟು ಹೇಳಬೇಕು. “ಯೋಳ್ದೆ ಇದ್ರೆ ಕನಸು ಬಾಡಿಗೆಯವರಂಗೆ, ಮನೆ ಕಾಲಿ ಮಾಡ್ಕಂಡ್ ಒಂಟೋಯ್ತದೆ.” ಹಾಗಾಗಿ ದಿನವೂ ಕೊಳಾಯಿಯ ಹತ್ತಿರ ನನ್ನ ಕನಸಿನ ವರದಿ ಒಪ್ಪಿಸುತ್ತಿದ್ದೆ. ಹೆಚ್ಚಿನವೆಲ್ಲ ಹುರುಳಿಲ್ಲದವು, ಒಲೆಯ ಮೇಲೆ ಕೋಳಿ ಕೂತಿದ್ದು, ಯಜಮಾನರು ಲಂಗ ಹಾಕಿಕೊಂಡು ಶಿಫ್ಟಿಗೆ ಹೊರಟಿದ್ದು. ಅದಕ್ಕೆ ಓನರಮ್ಮ ನಗಲಿಲ್ಲ. “ಯಾವ್ ಬಣ್ಣದ್ದು?” ಅಂತ ಕೇಳಿದರು. ನೋಡಿರಲಿಲ್ಲ. “ನೋಡ್ಬೇಕು” ಅಂದರು.

ಎರಡನೆಯದು ಸೈರನ್ನು. ಅದು ಕೂಗಿದಾಗಲೆಲ್ಲ, ಎಲ್ಲಿದ್ದರೂ, ಕೈ ನೋಡಿಕೊಳ್ಳಬೇಕು. ‘ಎಚ್ಚರವಾಗಿದ್ದೀನಾ, ಕನಸಾ’ ಅಂತ ನಿಜವಾಗಿ ಕೇಳಿಕೊಳ್ಳಬೇಕು, ಬಾಯಿಪಾಠದ ಹಾಗಲ್ಲ. ಕನಸಿನ ಕೈ ಕೈಯ ಹಾಗೆ ಇರುವುದಿಲ್ಲವಂತೆ. ಬೆರಳು ಜಾಸ್ತಿ ಇರುತ್ತೆ, ಇಲ್ಲ ಬಳೆ ಒಂದೊಂದು ಸಲ ಒಂದೊಂದು ಬಣ್ಣ. ಎಚ್ಚರದಲ್ಲಿ ರೂಢಿಯಾದದ್ದು ತಾನಾಗಿ ಒಳಗೂ ಬರುತ್ತದೆ ಅನ್ನೋರು, ಎತ್ತಿಗೆ ಮನೆ ದಾರಿ ಗೊತ್ತಿರುವ ಹಾಗೆ.

ಸೈರನ್ ಆದರೆ ಸಾಕು, ಜಗಲಿಯ ಮೇಲೆ ಓನರಮ್ಮ, ಕೊಳಾಯಿ ಹತ್ತಿರ ನಾನು, ಇಬ್ಬರೂ ಕೈ ಚಾಚಿ ನೋಡುತ್ತಾ ನಿಲ್ಲುತ್ತಿದ್ದೆವು. ಪಕ್ಕದ ಮನೆಯಾಕೆ ಬಿಡುತ್ತಾಳೆಯೇ? “ಏನ್ರೀ, ಇಬ್ರೂ ಮೆಹಂದಿ ಒಣಗಿಸ್ತಿದ್ದೀರಾ?” ಅಂದಳು. ಇನ್ನೊಂದು ದಿನ ಯಜಮಾನರೇ ಕೇಳಿದರು, “ಕೈ ನೋವೇನೇ?” ಇಲ್ಲ ಅಂದೆ.

ಮೂರನೆಯದು ಎಣ್ಣೆ. ಮಲಗುವ ಮುಂಚೆ ಅಂಗೈಗೆ, ಅಂಗಾಲಿಗೆ. ಕನಸು ಅಲ್ಲಾಡತೊಡಗಿದರೆ, ಅಂಚಿನಿಂದ ಮಸುಕಾಗುತ್ತಾ ಬಂದರೆ, ದೂರ ನೋಡಬಾರದು. ಎರಡೂ ಕೈ ಉಜ್ಜಿ ಮೂಸಬೇಕು. “ಕಣ್ಣು ಮೋಸ ಮಾಡ್ತದೆ, ಮೂಗು ಮಾಡಾಕಿಲ್ಲ. ಎಣ್ಣೆ ವಾಸ್ನೆ ಬಂತಾ, ನಿಂತ್ಕಂತು ಅಂತ್ಲೇ. ಆಮೇಲೆ ಕಾಲ ಕೆಳಗೆ ನೆಲ ನೋಡ್ಕ. ತಣ್ಣಗೈತಾ, ಬೆಚ್ಚಗೈತಾ? ಮಗ್ಗುಲಾಗೆ ಗೋಡೆ ಇದ್ರೆ ಮುಟ್ಕ.”

“ಆಮೇಲೆ ಅಮ್ಮನ ಹತ್ರ ಹೋಗ್ಲಾ?”

“ಓಡ್ಬ್ಯಾಡ. ಅದೇ ನೀ ಮಾಡ್ತಿರಾ ತಪ್ಪು. ತುಂಬಿದ ಬಿಂದಿಗೆ ಸೊಂಟದಾಗಿದ್ರೆ ಎಂಗ್ ನಡೀತೀಯ? ಅಂಗ್ ನಡಿ. ಸಂತೋಸಾನೂ ತುಳುಕ್ಬಾರ್ದು, ದುಕ್ಕಾನೂ ತುಳುಕ್ಬಾರ್ದು.”

ಕೊನೆಯದಾಗಿ ಹೇಳಿದ ಮಾತು ನನಗೆ ಈಗಲೂ ಅಡುಗೆಮನೆಯಲ್ಲಿ ನೆನಪಾಗುತ್ತದೆ. “ಓಗಿ ಮಾತಾಡಿಸ್ಬ್ಯಾಡ. ಕೈಗೊಂದು ಕೆಲ್ಸ ಕೊಡು. ಕೈಗೆ ಕೆಲ್ಸ ಇದ್ರೆ ಕನಸು ನಿಲ್ತದೆ.”

ಹೇಳಿದ್ದು ಸುಲಭ. ನನಗೆ ವಾರಗಟ್ಟಲೆ ಏನೂ ಆಗಲಿಲ್ಲ. ಕನಸಲ್ಲಿ ಸೈರನ್ ಕೂಗುತ್ತಿತ್ತು, ಅಲ್ಲೂ ಅಕ್ಕಿ ತೊಳೆಯಲು ಹೋಗುತ್ತಿದ್ದೆ. ಒಂದು ಸಲ ಕೈ ನೋಡಿಕೊಂಡೆ, ಆರನೆಯ ಬೆರಳಿತ್ತು. ‘ಅಯ್ಯೋ, ಇದಕ್ಕೆ ಉಂಗುರವೇ ಇಲ್ಲವಲ್ಲ’ ಅಂತ ಕೊರಗಿದೆನೇ ಹೊರತು ಕನಸೆಂದು ಹೊಳೆಯಲಿಲ್ಲ. ಇನ್ನೊಂದು ಸಲ ಹೊಳೆಯಿತು, ಕೈಯನ್ನೂ ಉಜ್ಜಿದೆ, ಖುಷಿಗೆ ಗಟ್ಟಿಯಾಗಿ ಕೂಗಿಬಿಟ್ಟೆ. ಪಕ್ಕದಲ್ಲಿ ಮಲಗಿದ್ದ ಯಜಮಾನರು ಎದ್ದು ಕೂತರು. ಓನರಮ್ಮನಿಗೆ ಹೇಳಿದರೆ, “ತುಳುಕಿಸ್ದೆ” ಅಂದರು ಅಷ್ಟೇ.

ಮಾರನೆಯ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡ ಫ್ಯಾಕ್ಟರಿಯಲ್ಲಿ ಮುಷ್ಕರ ಶುರುವಾಯಿತು. ಗೇಟಿನ ಮುಂದೆ ಶಾಮಿಯಾನ ಹಾಕಿ ಜನ ಕೂತರು. ಯಂತ್ರ ನಿಂತವು, ಸೈರನ್ನೂ ನಿಂತಿತು. ವಠಾರಕ್ಕೆ ವಠಾರವೇ ದಿಕ್ಕು ತಪ್ಪಿದ ಹಾಗಾಯಿತು. ಒಂದು ಮನೆಯಲ್ಲಿ ಅನ್ನ ಮುದ್ದೆಯಾದರೆ ಇನ್ನೊಂದು ಮನೆಯ ಮಗು ಸ್ಕೂಲಿಗೆ ಮಧ್ಯಾಹ್ನ ಹೋಯಿತು. ಓನರಮ್ಮ ಮಾತ್ರ ಆಗಾಗ ಗೋಡೆ ಕಡೆ ಕಿವಿ ಕೊಟ್ಟು ನಿಲ್ಲೋರು. “ನಮ್ಮೊಲ ಮೂಗಾಯ್ತಲ್ಲವ್ವ” ಅಂದರು.

ಹಾಗಿರುವಾಗ ಒಂದು ಮಧ್ಯಾಹ್ನ, ಊಟವಾಗಿ ಜಗಲಿಯಲ್ಲಿ ಕೂತಿದ್ದೇನೆ, ಸೈರನ್ ಕೂಗಿತು. ಸದ್ಯ, ಮುಷ್ಕರ ಮುಗಿಯಿತು ಅಂದುಕೊಂಡು ಅಕ್ಕಿಯ ಡಬ್ಬಿಗೆ ಕೈ ಹಾಕಿದೆ. ಹಾಕಿದವಳು ನಿಂತೆ. ಊಟ ಆಗಿದೆ, ಅಕ್ಕಿ ಯಾಕೆ? ಸೈರನ್ ಕೂಗುವುದಿಲ್ಲ ಈಗ. ಬೆಳಿಗ್ಗೆ ತಾನೇ ಶಾಮಿಯಾನ ನೋಡಿ ಬಂದಿದ್ದೇನೆ. ಕೂಗುವುದಿಲ್ಲ ಅಂದಮೇಲೆ, ಕೂಗಿದ್ದು ಎಲ್ಲಿ?

ಕೈ ನೋಡಿಕೊಂಡೆ. ಬಳೆ ಹಸಿರಿತ್ತು. ಮತ್ತೆ ನೋಡಿದೆ, ಕೆಂಪಿತ್ತು.

ತುಳುಕಿಸಬಾರದು, ತುಳುಕಿಸಬಾರದು ಅಂದುಕೊಂಡು ಕೈ ಉಜ್ಜಿ ಮೂಗಿಗೆ ಹಿಡಿದೆ. ಬಂತು, ಹರಳೆಣ್ಣೆಯ ವಾಸನೆ. ಕಾಲ ಕೆಳಗೆ ಸಗಣಿ ಸಾರಿಸಿದ ನೆಲ, ತಣ್ಣಗಿತ್ತು. ಅದು ನಮ್ಮ ವಠಾರದ ನೆಲವಲ್ಲ, ತವರಿನದು. ಗೋಡೆ ಮುಟ್ಟಿದೆ, ಸುಣ್ಣ ಬೆರಳಿಗೆ ಹತ್ತಿತು. ತಲೆಯೆತ್ತಿದರೆ ಹಿತ್ತಿಲ ಬಾಗಿಲು. ಅಮ್ಮನ ಬೆನ್ನು.

ನಡೆದೆ. ಸೊಂಟದಲ್ಲಿ ಬಿಂದಿಗೆ ಇದೆ ಅನ್ನುವ ಹಾಗೆ ನಡೆದೆ. ಮುಖ ನೋಡಲಿಲ್ಲ. ಅವಳ ಪಕ್ಕದಲ್ಲಿ ಕೂತು ಮೊರದಿಂದ ಒಂದು ಕಡ್ಡಿ ನುಗ್ಗೆಸೊಪ್ಪು ತೆಗೆದುಕೊಂಡು ಬಿಡಿಸತೊಡಗಿದೆ. ನುಗ್ಗೆಸೊಪ್ಪು ಬಿಡಿಸಿದವರಿಗೆ ಗೊತ್ತು, ಅದು ಮುಗಿಯುವ ಕೆಲಸವಲ್ಲ. ಒಂದು ಕಡ್ಡಿ, ಇನ್ನೊಂದು ಕಡ್ಡಿ... ಕನಸು ಕೆರೆಯ ನೀರಿನ ಹಾಗೆ ನಿಂತಿತ್ತು. ಆಗ ಅವಳು, ನಾನು ಎಲೆಯ ಜೊತೆ ಎಳೆಕಡ್ಡಿಯನ್ನೂ ಹಾಕುತ್ತಿದ್ದದ್ದನ್ನು ಕಂಡು, ಮೊದಲಿನಿಂದಲೂ ಮಾಡುತ್ತಿದ್ದ ಹಾಗೆ, ನನ್ನ ಕಡೆ ತಿರುಗಿ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

ನೋಡಿದೆ. ಮೂಗು, ಮೂಗುಬೊಟ್ಟು, ಹುಬ್ಬಿನ ಹತ್ತಿರದ ಮಚ್ಚೆ. ಆ ಮಚ್ಚೆ ನನಗೆ ಪೂರ್ತಿ ಮರೆತುಹೋಗಿತ್ತು. ಸ್ವಲ್ಪ ಬೇಸರದ ಮುಖ, ಸೊಪ್ಪು ಸರಿಯಾಗಿ ಬಿಡಿಸಲು ಬಾರದ ಮಗಳ ಮೇಲಿನ ಬೇಸರ, ಅಷ್ಟೇ. ಆಮೇಲೆ ಮತ್ತೆ ಮೊರದ ಕಡೆ ತಿರುಗಿಕೊಂಡಳು. ಕನಸು ಯಾವಾಗ ಬಿಟ್ಟುಕೊಟ್ಟಿತೋ ಗೊತ್ತಾಗಲಿಲ್ಲ. ಎಚ್ಚರವಾದಾಗ ನಾನು ಅಲ್ಲಾಡಲಿಲ್ಲ. ಕಣ್ಣು ಮುಚ್ಚಿಯೇ ಆ ಮುಖವನ್ನು ಮತ್ತೆ ಮತ್ತೆ ನೋಡಿದೆ. ಇವತ್ತಿನವರೆಗೂ ಅದು ಮಾಸಿಲ್ಲ.

ಓನರಮ್ಮನಿಗೆ ಹೇಳಿದಾಗ ಅವರು ನನ್ನ ಎರಡೂ ಕೈ ಹಿಡಿದು ಮೂಸಿದರು. “ನಮ್ಮೊಲ ಕೂಗ್ದೇ ಇದ್ದಾಗ ಸಿಕ್ತು ನೋಡು ನಿಂಗೆ” ಅಂದರು.

ಕತೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ಪಿತೃಪಕ್ಷ ಬಂತು. ಫ್ಯಾಕ್ಟರಿ ಇನ್ನೂ ಮುಚ್ಚಿತ್ತು. ಒಳಗೆ ಯಂತ್ರವಿಲ್ಲ, ಲಾರಿಯಿಲ್ಲ, ಸಾಹೇಬರಿಲ್ಲ. ಓನರಮ್ಮನಿಗೆ ಒಂದು ಆಸೆ ಹುಟ್ಟಿತು. ಎಚ್ಚರದಲ್ಲೇ ಹೋಗಿ ಎಡೆ ಇಟ್ಟು ಬರೋಣ ಅಂತ. ಮುಂಜಾನೆಯೇ ಎದ್ದು ಎಲ್ಲ ಮಾಡಿ, ಬಾಳೆಲೆ ಮುಚ್ಚಿದ ತಟ್ಟೆ ನನ್ನ ಕೈಗೆ ಕೊಟ್ಟು, ತಾವು ಚೊಂಬು ಹಿಡಿದು ಹೊರಟರು. ಗೇಟಿನ ವಾಚ್‌ಮನ್ ಬಿಡಲಿಲ್ಲ. “ಯಾರ್ನೂ ಬಿಡೋ ಹಾಗಿಲ್ಲ ಅಮ್ಮಾ, ನನ್ ಕೆಲ್ಸ ಹೋಗುತ್ತೆ.” ಶಾಮಿಯಾನದ ಕೆಳಗೆ ಕೂತಿದ್ದವರಲ್ಲಿ ಒಬ್ಬ ಎದ್ದು ಬಂದ. “ಏಯ್, ಬಿಡಪ್ಪ ಗುರು. ನಮ್ಮನ್ನಂತೂ ಒಳಗೆ ಬಿಡ್ತಿಲ್ಲ, ಅಜ್ಜೀನಾದ್ರೂ ಬಿಡು. ಅವ್ರದೇ ಹೊಲ ಅಂತೆ.” ವಾಚ್‌ಮನ್ ಆಕಡೆ ಈಕಡೆ ನೋಡಿ, “ಅವ್ರೊಬ್ರೇ, ಬೇಗ ಬರ್ಬೇಕು” ಅಂದ. ತಟ್ಟೆ ಅವರ ಕೈಗೆ ದಾಟಿಸಿ ನಾನು ಹೊರಗೆ ನಿಂತೆ. ಬರಿಗಾಲಲ್ಲಿ ಆ ದೊಡ್ಡ ಶೆಡ್ಡುಗಳ ನಡುವೆ ನೇರವಾಗಿ, ಸ್ವಲ್ಪವೂ ಅನುಮಾನವಿಲ್ಲದೆ ಹೋದರು. ಆಮೇಲೆ ತಿರುವಿನಲ್ಲಿ ಮರೆಯಾದರು.

ಬರುವಾಗ ನಿಧಾನವಾಗಿ ಬಂದರು. ತಟ್ಟೆಯ ಮೇಲಿನ ಎಲೆ ಹಾಗೇ ಇತ್ತು.

“ಎಲ್ಲೂ ಮಣ್ಣೇ ಇಲ್ಲ ಕಣವ್ವ” ಅಂದರು. “ಎಲ್ಲಾ ಸಿಮೆಂಟು. ಮಣ್ಣಿದ್ರೆ ತಾನೆ ಇಡಾದು.”

ಗೋಡೆಯ ಹೊರಗೆ ಹರಳು ಗಿಡದ ಬುಡದಲ್ಲಿ ಎಡೆ ಇಟ್ಟೆವು. ಕಾಗೆ ಬಂತು, ತಿಂದಿತು. ಮುಟ್ಟಿತು ಅನ್ನಿ ಅಂದೆ. ಅವರು ಖಾಲಿ ತಟ್ಟೆ ಎತ್ತಿಕೊಂಡು ಹೊರಟರು.

ಅಂದಿನಿಂದ ಅವರ ಕನಸಿನ ಹೊಲ ಹೋಯಿತು. ಮೊದಲು ನನಗೆ ತಿಳಿಯಲಿಲ್ಲ. ಹರಳು ಕಾಯಿ ಬಿರಿದು ನೆಲಕ್ಕೆ ಉದುರುತ್ತಿದ್ದರೂ ಕೀಳಲು ಹೋಗದಿದ್ದಾಗ ಕೇಳಿದೆ. ಆಗ ಹೇಳಿದರು. “ಈಗ ಒಳಗೋದ್ರೂ ಅದೇ ಸೆಡ್ಡು, ಅದೇ ಸಿಮೆಂಟು. ಕಣ್ಣು ನೋಡಿಬಿಡ್ತಲ್ಲ. ಇನ್ನು ಬುಡಾಕಿಲ್ಲ ಅದು.” ಎಷ್ಟೋ ವರ್ಷ ಯಾವ ಗೇಟೂ ತಡೆಯದ ಹಾಗೆ ಹೋಗಿ ಬರುತ್ತಿದ್ದ ಜಾಗ. ಒಂದು ಸಲ ಬಾಗಿಲು ತೆಗೆದು ಒಳಗೆ ಬಿಟ್ಟರು, ಅಷ್ಟಕ್ಕೇ ಇವರು ಹೊರಗಾಗಿಬಿಟ್ಟರು.

ಮುಷ್ಕರ ಮುಗಿಯಿತು. ಸೈರನ್ ಮತ್ತೆ ಕೂಗಿತು. ನಾನು ಕೈ ನೋಡಿಕೊಂಡೆ. ಜಗಲಿ ಕಡೆ ತಿರುಗಿದರೆ ಅವರು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು. ನೋಡಲಾಗಲಿಲ್ಲ ನನಗೆ. ಮೊರ ತಗೊಂಡು ಹೋಗಿ ಗೋಡೆಯ ಬದಿಯ ಹರಳು ಕಾಯಿ ನಾನೇ ಕಿತ್ತು ತಂದೆ. ಅವರ ಒಲೆಯ ಮೇಲೇ ಹುರಿದೆ. ಕುಟ್ಟಿದೆ. ಎಣ್ಣೆ ತೆಗೆಯುವುದು ಸರಿಯಾಗಿ ಬರಲಿಲ್ಲ, ಅರ್ಧ ತಳ ಹತ್ತಿತು. ಬಂದಷ್ಟನ್ನು ಅವರ ಅಂಗೈಗೆ ಹಚ್ಚುತ್ತಾ ಅವರು ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದೆ.

“ಕಣ್ಣೆತ್ತಬೇಡಿ. ಶೆಡ್ಡು ಇದ್ರೆ ಇರ್ಲಿ. ಕಾಲ ಕೆಳಗಿನ ನೆಲ ಮಾತ್ರ ನೋಡ್ಕೊಂಡು ಹೋಗಿ. ವಾಸನೆ ಹಿಡ್ಕೊಂಡು ಹೋಗಿ, ಅಮ್ಮ.”

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಅವರು ನನ್ನನ್ನೇ ನೋಡಿದರು. “ಎಣ್ಣೆ ಸೀದೈತೆ” ಅಂದರು, ಕೈ ಮಾತ್ರ ಎಳೆದುಕೊಳ್ಳಲಿಲ್ಲ.

ಎಷ್ಟು ದಿನವಾಯಿತೋ. ಒಂದು ಬೆಳಿಗ್ಗೆ ಕೊಳಾಯಿಯ ಹತ್ತಿರ ಬಂದು ನನ್ನ ಪಕ್ಕದಲ್ಲಿ ನಿಂತರು.

“ನೆನ್ನೆ ನೆಲ ನೋಡ್ಕಂಡೇ ಓದೆ. ಸಿಮೆಂಟು, ಸಿಮೆಂಟು... ಆಮೇಲೆ ಅದು ಮುಗೀತು ಕಣವ್ವ. ಮೊರದಗಲ ಮಣ್ಣು ಸಿಕ್ತು.”

“ಎಡೆ ಇಟ್ರಾ?”

“ಕೈ ಇಟ್ಟೆ. ಅಷ್ಟ್ರಾಗೆ ಒಡೆದೋಯ್ತು.”

ಬಿಂದಿಗೆ ತುಂಬಿತು. ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಒಂದು ಹನಿ ತುಳುಕಿಸದೆ ಹೋದರು.

ಮಗ ಹುಟ್ಟಿದ ಮೇಲೆ ನಾವು ಮಾದನಾಯಕನಹಳ್ಳಿ ಕಡೆ ಒಂದು ಸೈಟು ಮಾಡಿಕೊಂಡು ಬಂದೆವು. ಹಬ್ಬ ಹುಣ್ಣಿಮೆಗೆ ಹೋಗಿ ನೋಡಿ ಬರುತ್ತಿದ್ದೆ. ಮೊರದಗಲ ಮಣ್ಣು ಆಮೇಲೆ ದೊಡ್ಡದಾಯಿತೋ ಇಲ್ಲವೋ, ಕೇಳಿದರೆ “ನಡೀತಾ ಐತೆ” ಅನ್ನೋರು, ಕಟ್ಟಡ ಕೆಲಸದವರು ಹೇಳುವ ಹಾಗೆ. ಮಗುವಿನ ತಲೆಗೆ ಎಂದು ಪ್ರತಿ ಸಲ ಒಂದು ಸೀಸೆ ಎಣ್ಣೆ ಕೊಟ್ಟು ಕಳಿಸೋರು. ಮಗುವಿನ ತಲೆಗೆ ಅಷ್ಟು ಎಣ್ಣೆ ಬೇಕಿಲ್ಲವೆಂದು ಅವರಿಗೂ ಗೊತ್ತಿತ್ತು.

ಅವರು ಹೋದದ್ದು ಹಗಲಿನಲ್ಲಿ. ಊಟ ಮಾಡಿ ಜಗಲಿಯಲ್ಲಿ ಮಲಗಿದ್ದರಂತೆ. ತಲೆಯ ಹತ್ತಿರ ಬಿಂದಿಗೆ ಬೋರಲು ಹಾಕಿದ್ದರು. ಬೋರಲು ಬಿಂದಿಗೆ ನೋಡಿ ಯಾರೂ ಹತ್ತಿರ ಹೋಗಲಿಲ್ಲ, ಅವರದೇ ಕಟ್ಟಳೆ. ತರಕಾರಿಯವನು ಕೂಡ ಅಂದು ಮೆಲ್ಲಗೆ ಕೂಗಿಕೊಂಡು ಹೋದನಂತೆ. ಸಂಜೆ ಸೈರನ್ ಆದಾಗಲೂ ಕೈ ಅಲ್ಲಾಡದ್ದನ್ನು ನೋಡಿ ಸೊಸೆ ಬಂದು ಮುಟ್ಟಿದಳು. ಊರಾಚೆಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಹೊಲದಿಂದ ಅದು ದೂರ, ಮಧ್ಯೆ ದೊಡ್ಡ ರಸ್ತೆ. ಬೇರೆ ದಾರಿ ಇರಲಿಲ್ಲ ಮನೆಯವರಿಗೆ. ತಿಥಿಗೆ ಹೋದಾಗ ಸೊಸೆ ನನ್ನನ್ನು ಒಳಗೆ ಕರೆದು ಹೇಳಿದಳು: “ಎಷ್ಟ್ ತೊಳೆದ್ರೂ ಕೈಯಿಂದ ಆ ವಾಸ್ನೆ ಹೋಗ್ಲಿಲ್ಲ ಕಣಕ್ಕ. ಅಂಗೇ ಕಳಿಸಿದ್ವಿ.”

ಈಗ ಆ ಫ್ಯಾಕ್ಟರಿಯೂ ಇಲ್ಲ, ಸೈರನ್ನೂ ಇಲ್ಲ. ಗೋಡೆಯ ಒಂದು ತುಂಡು ಉಳಿದಿದೆ, ಹರಳು ಗಿಡಗಳಿಲ್ಲ. ಕುಕ್ಕರ್ ಕೂಗಿದಾಗ ನಾನು ಕೈ ನೋಡಿಕೊಳ್ಳುತ್ತೇನೆ. ಮನೆಯವರಿಗೆ ಅದು ಅಭ್ಯಾಸವಾಗಿದೆ.

ಓನರಮ್ಮನನ್ನು ನೋಡಲು ನಾನು ಹೋಗುತ್ತಿರುತ್ತೇನೆ. ಮೊನ್ನೆ ಎಣ್ಣೆ ಹಚ್ಚಿಕೊಂಡು ಮಲಗಿದ ಮಧ್ಯಾಹ್ನವೂ ಹೋಗಿದ್ದೆ. ಕನಸು ಈಗ ಚೆನ್ನಾಗಿಯೇ ನಿಲ್ಲುತ್ತದೆ, ಅಷ್ಟು ವರ್ಷದ ರೂಢಿ. ವಠಾರ ಸಿಗುತ್ತದೆ, ಕೊಳಾಯಿ ಸಿಗುತ್ತದೆ, ಜಗಲಿಯ ಮೇಲೆ ಬೋರಲು ಬಿಂದಿಗೆ. ಅವರಿರುವುದಿಲ್ಲ. ಎಲ್ಲಿ ಹೋಗಿದ್ದಾರೆಂದು ಗೊತ್ತು. ವಾಸನೆ ಹಿಡಿದು ಹಿಂದುಗಡೆ ನಡೆಯುತ್ತೇನೆ. ಅಲ್ಲಿ ಗೋಡೆ. ಆ ಹೊಲವನ್ನು ನಾನು ಹೊಲವಾಗಿ ನೋಡಲೇ ಇಲ್ಲ. ನಾನು ಬರುವ ಹೊತ್ತಿಗೆ ಅದು ಗೋಡೆಯಾಗಿತ್ತು. ನೋಡದ್ದನ್ನು ಕನಸು ಎಲ್ಲಿಂದ ತರಬೇಕು... ಆಚೆ ಕಡೆ ಅವರು ಎಡೆ ಇಡುತ್ತಿರಬಹುದು. ಕೂಗಿ ಕರೆಯುವುದಿಲ್ಲ, ತುಳುಕುತ್ತದೆ. ಎಣ್ಣೆಯ ಕೈಯನ್ನು ಗೋಡೆಯ ಮೇಲಿಟ್ಟು, ಅದು ತಣ್ಣಗಿದೆಯೋ ಬೆಚ್ಚಗಿದೆಯೋ ನೋಡುತ್ತಾ, ಎಚ್ಚರವಾಗುವವರೆಗೆ ಅಲ್ಲೇ ನಿಂತಿರುತ್ತೇನೆ.